ಕೋರ್ಟು ಕೇಳಿದ ಅರ್ಧ ಲೋಟ

ನನ್ನ ಮಾಜಿ ಗಂಡ ವರ್ಲಿನ್ ಹಂದಿ ತೊಡೆಯಲ್ಲಿ ಒಬ್ಬನಿಗೆ ಬಾರಿಸಿ ಅರೆಸ್ಟಾದ. ಅದೂ ಚರ್ಚಿನೊಳಗೆ.

ಅವನು ಹರಾಜು ಕೂಗುವವನು. ನಮ್ಮ ಟಲ್ಬರ್ಟ್ ಕೌಂಟಿಯಲ್ಲಿ ದನ, ಟ್ರ್ಯಾಕ್ಟರು, ಸತ್ತವರ ಮನೆಯ ಸಾಮಾನು, ಏನೇ ಹರಾಜಾಗಲಿ ಅವನೇ ಬಂದು ಕೂಗಬೇಕು. ಆರಡಿ ದಾಟಿದ ಆಳು. ಹೊಟ್ಟೆ ಅವನಿಗಿಂತ ಮೊದಲು ಬಾಗಿಲು ದಾಟುತ್ತದೆ. ಮೈಕು ಕೊಟ್ಟರೆ ಅವಮಾನವೆಂದುಕೊಳ್ಳುತ್ತಾನೆ. ಆ ಶನಿವಾರ ಚರ್ಚಿನ ಸೋರುವ ಛಾವಣಿಗೆಂದು ಹರಾಜು ನಡೆಯುತ್ತಿತ್ತು. ಉಪ್ಪು ಹಚ್ಚಿ, ಎರಡು ಬೇಸಿಗೆ ತೂಗುಹಾಕಿ ಒಣಗಿಸಿದ ಹಂದಿ ತೊಡೆ ಅವನ ಕೈಯಲ್ಲಿತ್ತು. ಹಾರ್ಡ್‌ವೇರ್ ಅಂಗಡಿಯ ಗೇಲಾರ್ಡ್ ಎದ್ದು ನಿಂತು, "ಯಾರೂ ಕೂಗದೇ ಇರೋ ಬೆಲೆ ಇವನಿಗೊಬ್ಬನಿಗೇ ಕೇಳಿಸ್ತದೆ. ಕಳ್ಳ ನನ್ಮಗ" ಎಂದ. ವರ್ಲಿನ್ ವೇದಿಕೆಯಿಂದ ಇಳಿದು ಹೋಗಿ ತೊಡೆಯನ್ನು ಬೀಸಿದ. ಗೇಲಾರ್ಡನ ಹಲ್ಲಿನ ಸೆಟ್ಟು ಹಾರಿ ಹೆಂಗಸರು ಮಾಡಿಟ್ಟಿದ್ದ ಹಣ್ಣಿನ ಶರಬತ್ತಿಗೆ ಬಿತ್ತು. ಒಂದಿಬ್ಬರು ಅದೇ ಶರಬತ್ತನ್ನು ಆಮೇಲೂ ಕುಡಿದರೆಂದು ಕೇಳಿದ್ದೇನೆ; ನಮ್ಮೂರಿನಲ್ಲಿ ಬಿಟ್ಟಿ ಸಿಕ್ಕಿದ್ದನ್ನು ಚೆಲ್ಲುವವರು ಕಡಿಮೆ.

ಗೇಲಾರ್ಡನ ದವಡೆ ಮುರಿದಿರಲಿಲ್ಲ, ಆದರೆ ಕೇಸು ದೊಡ್ಡದಾಯಿತು. ಒಣಗಿದ ತೊಡೆ ಮಾರಕಾಯುಧವೇ ಅಲ್ಲವೇ ಎಂಬುದು ವಿಚಾರಣೆಯಲ್ಲಿ ತೀರ್ಮಾನವಾಗಬೇಕಿತ್ತು. ಅಲ್ಲಿಯವರೆಗೆ ವರ್ಲಿನ್‌ನನ್ನು ಹೊರಗೆ ಬಿಡಬೇಕಾದರೆ ಅವನ ಜವಾಬ್ದಾರಿ ಹೊರಲು ಒಬ್ಬರು ಬೇಕೆಂದು ಜಡ್ಜ್ ಆರ್ಮ್ಸ್‌ಬಿ ಕೇಳಿದರು. ವರ್ಲಿನ್‌ಗೆ ತಾಯಿ ಇಲ್ಲ. ತಮ್ಮ ಫ್ಲೋರಿಡಾಕ್ಕೆ ಹೋಗಿ ಫೋನ್ ನಂಬರು ಬದಲಾಯಿಸಿದ್ದಾನೆ. ಉಳಿದವಳು ನಾನೊಬ್ಬಳೇ. ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಅಂಗಡಿ ನನ್ನದು. ಒದ್ದೆ ನಾಯಿಯ ವಾಸನೆ ಹೊತ್ತುಕೊಂಡೇ ಕೋರ್ಟಿಗೆ ಹೋಗಿದ್ದೆ.

"ಮಿಸ್ ನೇಡೀನ್, ಇವರು ನಿಮ್ಮ ಮನೇಲಿರ್ತಾರೆ. ಷರತ್ತು ಮುರಿದ್ರೆ ನಮಗೆ ತಿಳಿಸೋದು ನಿಮ್ಮ ಕರ್ತವ್ಯ. ಒಪ್ಪಿಗೇನಾ?" ಎಂದರು ಜಡ್ಜ್.

"ಇಪ್ಪತ್ತು ವರ್ಷ ಇವನ ಬಗ್ಗೆ ಎಲ್ಲರ ಹತ್ರಾನೂ ದೂರು ಹೇಳಿದೀನಿ, ಸಾಹೇಬ್ರೇ. ಅಭ್ಯಾಸ ಇದೆ" ಎಂದೆ.

ಷರತ್ತುಗಳನ್ನು ಓದಿದರು. ಕೌಂಟಿ ಬಿಡಬಾರದು, ಗೇಲಾರ್ಡನ ಅಂಗಡಿಯ ಹತ್ತಿರ ಸುಳಿಯಬಾರದು, ಕರೆದಾಗಲೆಲ್ಲ ಬಂದು ಮಾದಕ ವಸ್ತುವಿನ ಪರೀಕ್ಷೆಗೆ ಮೂತ್ರ ಕೊಡಬೇಕು.

ವರ್ಲಿನ್ ಕೈ ಎತ್ತಿದ. "ಸಾಹೇಬ್ರೇ, ನಾನು ಹೊಡೆದಿದ್ದು ಹಂದಿ ತೊಡೇಲಿ. ಪರೀಕ್ಷೆ ಮಾಡೋದಿದ್ರೆ ಹಂದೀಗ್ ಮಾಡಿ."

"ಎಲ್ಲರಿಗೂ ಒಂದೇ ನಿಯಮ, ಮಿಸ್ಟರ್ ಸ್ಟಾಂಪರ್."

ಅದು ನಿಜವೇ. ನೋವಿನ ಮಾತ್ರೆಯಿಂದ ಶುರುವಾಗಿ ಸೂಜಿಯಲ್ಲಿ ಮುಗಿದ ಒಂದು ಇಡೀ ತಲೆಮಾರನ್ನು ನಮ್ಮ ಕೌಂಟಿ ಹೂತಿದೆ. ನನ್ನ ಅಕ್ಕನ ಮಗನನ್ನೂ. ಹಾಗಾಗಿ ವಿಚಾರಣೆಗೆ ಕಾಯುವವನು ಕೋಳಿ ಕದ್ದಿರಲಿ, ಪಕ್ಕದ ಮನೆಯ ಬೇಲಿ ಕಿತ್ತಿರಲಿ, ಮೊದಲು ಲೋಟ ತುಂಬಿಸಬೇಕು, ಮಿಕ್ಕಿದ್ದೆಲ್ಲ ಆಮೇಲೆ.

ಪದ್ಧತಿ ಹೀಗೆ: ಒಬ್ಬೊಬ್ಬರಿಗೂ ಒಂದೊಂದು ಬಣ್ಣ ಕೊಟ್ಟಿರುತ್ತಾರೆ. ದಿನಾ ಬೆಳಗ್ಗೆ ಒಂದು ನಂಬರಿಗೆ ಫೋನ್ ಮಾಡಿದರೆ, ಜೀವವಿಲ್ಲದ ರೆಕಾರ್ಡಿಂಗ್ ಧ್ವನಿಯೊಂದು ಆ ದಿನದ ಬಣ್ಣ ಹೇಳುತ್ತದೆ. ನಿಮ್ಮ ಬಣ್ಣ ಬಂದರೆ ಮಧ್ಯಾಹ್ನದೊಳಗೆ ಕೋರ್ಟಿನ ಹಿಂದಿನ ಇಟ್ಟಿಗೆ ಕಟ್ಟಡಕ್ಕೆ ಹೋಗಬೇಕು. ವರ್ಲಿನ್‌ಗೆ ಸಿಕ್ಕಿದ್ದು ಗುಲಾಬಿ. ಅದಕ್ಕೇ ಅವನಿಗೆ ಅರ್ಧ ಸಿಟ್ಟು.

ಎರಡು ದಿನ ಕಳೆದು ಗುಲಾಬಿ ಬಂತು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಆ ಕಟ್ಟಡದಲ್ಲಿ ಗಂಡಸರ ಮಾದರಿ ತೆಗೆದುಕೊಳ್ಳುವವನು ಡೆಲ್ಬರ್ಟ್. ಮೊದಲು ಶಾಲಾ ಬಸ್ಸು ಓಡಿಸುತ್ತಿದ್ದ. ತೆಳ್ಳಗೆ, ಬಾಗಿದ ಬೆನ್ನು, ಮಾತು ಕಡಿಮೆ. ಅಲ್ಲಿಯ ಬಚ್ಚಲಿಗೆ ಬಾಗಿಲಿಲ್ಲ, ಗೋಡೆಗೆ ಕನ್ನಡಿ. ಕೊಡುವವನು ಅಂಗಿ ಎತ್ತಿ, ಪ್ಯಾಂಟು ಮೊಣಕಾಲಿಗಿಳಿಸಿ ನಿಲ್ಲಬೇಕು. ಡೆಲ್ಬರ್ಟ್ ಪಕ್ಕದಲ್ಲಿ ನಿಂತು, ಮೈಯಿಂದ ಹೊರಟದ್ದು ಲೋಟಕ್ಕೇ ಬೀಳುತ್ತದೆಂಬುದನ್ನು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಜನ ಹೆಂಡತಿಯದ್ದು, ಮಗುವಿನದ್ದು ತರುತ್ತಾರೆ; ಒಮ್ಮೆ ಒಬ್ಬ ಕುದುರೆಯದ್ದು ತಂದಿದ್ದನಂತೆ.

ನಾನು ಹೊರಗೆ ಕುಳಿತು ಹಳೆಯ ಮೀನುಗಾರಿಕೆ ಪತ್ರಿಕೆ ತಿರುವುತ್ತಿದ್ದೆ. ಒಳಗಿನಿಂದ ವರ್ಲಿನ್‌ನ ದನಿ ಚೆನ್ನಾಗಿ ಕೇಳುತ್ತಿತ್ತು. ಡೆಲ್ಬರ್ಟ್‌ಗೆ ಹವಾಮಾನ ಹೇಳಿದ, ದನದ ದರ ಹೇಳಿದ, ಪಕ್ಕದ ಮನೆಯ ಜಗಳ ಹೇಳಿದ. ನಲ್ಲಿ ಬಿಟ್ಟ ಸದ್ದಾಯಿತು. ಹೊರಗೆ ಬಂದು ಮೂರು ಲೋಟ ನೀರು ಕುಡಿದು ಮತ್ತೆ ಹೋದ. ಮತ್ತೆ ಮಾತು. ಮತ್ತೆ ನೀರು. ಅವನ ನಂತರ ಬಂದ ಹುಡುಗರೆಲ್ಲ ಕೊಟ್ಟು ಹೋದರು, ಒಬ್ಬ ಕೆಲಸಕ್ಕೂ ಹೋಗಿ ಬಂದ. ಕೊನೆಗೆ ಡೆಲ್ಬರ್ಟ್ ಬೀಗದ ಕೈ ಹಿಡಿದುಕೊಂಡು ಹೊರಗೆ ಬಂದು, "ಆಗ್ಲಿಲ್ಲ ಮಿಸ್ ನೇಡೀನ್. ಕೊಡದೇ ಇದ್ರೆ ನಿರಾಕರಿಸಿದ ಲೆಕ್ಕ. ನಾನು ಹಾಗೇ ಬರೀಬೇಕು" ಎಂದ.

ಕಾರಿನಲ್ಲಿ ವರ್ಲಿನ್ ಕಿಟಕಿ ನೋಡುತ್ತಾ ಕುಳಿತಿದ್ದ. ಮನೆ ಮುಂದೆ ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದು ನನ್ನ ಹಿತ್ತಲಿನ ಶೆಡ್ಡಿನ ಹಿಂದೆ ಓಡಿದ. ತುಂಬಾ ಹೊತ್ತು ಬರಲಿಲ್ಲ.

"ನೀನೇನು ಮಾತ್ರೆ ನುಂಗ್ತಿದೀಯಾ?" ಎಂದು ನೇರವಾಗಿ ಕೇಳಿದೆ.

"ತಲೆ ನೋವಿಗೂ ನುಂಗಲ್ಲ ಅಂತ ನಿಂಗ್ ಗೊತ್ತು."

"ಮತ್ತೇನು ರೋಗ? ಕೊಟ್ಟು ಬರೋಕೆ ಏನು?"

"ಆ ಡೆಲ್ಬರ್ಟ್ ಮುಖ ನೋಡಿದ್ರೆ ಬರಲ್ಲ. ಹೆಣ ಕಾಯೋನ ಹಾಗೆ ನಿಂತಿರ್ತಾನೆ."

ಮುಂದಿನ ವಾರ ಮತ್ತೆ ಗುಲಾಬಿ. ಈ ಸಲ ಮನೆಯಿಂದಲೇ ಸಕ್ಕರೆ ಚಹಾ ಒಂದು ಜಗ್ಗು ಕುಡಿದು ಹೊರಟ. ದಾರಿಯುದ್ದಕ್ಕೂ ತೊಡೆ ಒತ್ತಿಕೊಂಡು ಕುಳಿತಿದ್ದ. ರಸ್ತೆಯ ಹೊಂಡಕ್ಕೆ ಚಕ್ರ ಬಿದ್ದಾಗಲೆಲ್ಲ ಯೇಸುವಿನ ಹೆಸರು, ಪ್ರಾರ್ಥನೆಯಾಗಿ ಅಲ್ಲ. ಒಳಗೆ ಹೋದ. ಸಂಜೆಯವರೆಗೂ ಒಂದು ಹನಿ ಬರಲಿಲ್ಲ. ಹೊರಗೆ ಬಂದಾಗ ಮುಖ ಬೂದಿಯಾಗಿತ್ತು, ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ.

ಆ ದಿನ ಅಡಿಗೆಮನೆಯಲ್ಲಿ ಅವನಿಗೆ ಹುರುಳಿಕಾಯಿ ಸೂಪು, ಜೋಳದ ರೊಟ್ಟಿ ಬಡಿಸಿ ಎದುರಿಗೆ ಕುಳಿತೆ.

"ಹೇಳು" ಎಂದೆ.

"ಏನು ಹೇಳೋದು?"

"ಇನ್ನೊಂದ್ ಸಲ ಹೀಗಾದ್ರೆ ಜೈಲು. ನಾನು ಯಾಕೆ ಅಂತ ಕೇಳ್ತಿದೀನಿ. ಹೇಳದಿದ್ರೆ ನಾನೇ ಫೋನ್ ಮಾಡಿ ಇವನನ್ನ ಕರ್ಕೊಂಡ್ ಹೋಗಿ ಅಂತೀನಿ."

ಅವನು ರೊಟ್ಟಿಯನ್ನು ಪುಡಿ ಮಾಡುತ್ತಲೇ ಇದ್ದ. ಸಾವಿರ ಜನರ ಮುಂದೆ ಕುಂಟ ಹಸುವನ್ನು ಹೊಗಳಿ ಮಾರಬಲ್ಲವನ ಬಾಯಿಂದ ಮಾತು ಹೊರಡಲು ಅಷ್ಟು ಹೊತ್ತಾದದ್ದನ್ನು ನಾನು ಮೊದಲ ಬಾರಿ ಕಂಡದ್ದು.

"ಪಕ್ಕದಲ್ಲಿ ಯಾರಾದ್ರೂ ಇದ್ರೆ ನಂಗೆ ಬರಲ್ಲ, ನೇಡೀನ್. ಯಾವತ್ತೂ ಬಂದಿಲ್ಲ. ಎಂಟನೇ ಕ್ಲಾಸಿಂದ. ಗೋಡೆ ಆ ಕಡೆ ಒಬ್ಬ ಕೆಮ್ಮಿದ್ರೂ ಮುಚ್ಕೊಂಡ್ಬಿಡ್ತದೆ."

"ಎಲ್ಲಿಗೆ ಹೋದ್ರೂ?"

"ಎಲ್ಲಿಗೆ ಹೋದ್ರೂ. ಹರಾಜಿದ್ರೆ ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ತಡ್ಕೊಳಕ್ಕಾಗದೇ ಇದ್ರೆ ಗಾಡಿ ತಗೊಂಡು ಯಾರೂ ಇಲ್ಲದ ಕಡೆ ಹೋಗ್ತೀನಿ. ಬೈಲರ್ ಹೊಳೆ ಹತ್ರ ಮುಚ್ಚಿದ ಪೆಟ್ರೋಲ್ ಬಂಕಿದೆಯಲ್ಲ, ಅಲ್ಲಿಗೆ."

ನಾನು ಚಮಚ ಕೆಳಗಿಟ್ಟೆ.

ಇದನ್ನು ಹೇಳಲೇಬೇಕು: ನಾವು ಬೇರೆಯಾಗಿದ್ದು ಅವನು ಕಾಣೆಯಾಗುತ್ತಿದ್ದ ಕಾರಣಕ್ಕೆ. ಮದುವೆ ಮನೆಯಿರಲಿ, ಮೀನು ಕರಿಯುವ ಊಟವಿರಲಿ, ನನ್ನಪ್ಪನ ಮಣ್ಣಿನ ದಿನವಿರಲಿ, ನಡುವೆ ಎದ್ದು ಹೋಗಿ ಎಷ್ಟೋ ಹೊತ್ತಿಗೆ ಬರುತ್ತಿದ್ದ. ಬಂದಾಗ ಮುಖದಲ್ಲಿ ಒಂದು ನೆಮ್ಮದಿ. ಕೇಳಿದರೆ "ಸುಮ್ನೆ ಗಾಳಿಗೆ" ಎನ್ನುತ್ತಿದ್ದ. ಅಷ್ಟು ನೆಮ್ಮದಿ ಕೊಡುವವಳು ಯಾರಿರಬಹುದೆಂದು ನಾನು ಊರಿನ ಅರ್ಧ ಹೆಂಗಸರನ್ನು ಮನಸ್ಸಿನಲ್ಲೇ ಜಾಲಾಡಿದ್ದೆ. ಬ್ಯಾಂಕಿನ ಕೌಂಟರಿನವಳೊಬ್ಬಳ ಜೊತೆ ಇವತ್ತಿಗೂ ಮಾತಾಡುವುದಿಲ್ಲ.

"ನೀನು ಡೈವೋರ್ಸ್ ಪೇಪರಿಗೆ ಸಹಿ ಹಾಕಿದೆ. ಆದ್ರೆ ಉಚ್ಚೆ ಬರಲ್ಲ ಅಂತ ಒಂದು ಮಾತು ಹೇಳೋಕಾಗ್ಲಿಲ್ಲ" ಎಂದೆ.

"ಇನ್ನೊಬ್ಬಳಿದಾಳೆ ಅಂತ ನೀನು ತಿಳ್ಕೊಂಡಿದ್ದೆ. ಅದಾದ್ರೆ ಗಂಡಸಿಗೆ ಸ್ವಲ್ಪ ಮರ್ಯಾದೆ."

ಸೂಪಿನ ಬಟ್ಟಲನ್ನು ಅವನ ತಲೆಯ ಮೇಲೆ ಮಗುಚಬೇಕೆನಿಸಿತು. ನೆಲ ಒರೆಸುವವಳು ನಾನೇ ಎಂದು ನೆನಪಾಗಿ ಸುಮ್ಮನಾದೆ. ಹಿತ್ತಲಿಗೆ ಹೋಗಿ ಒಂದು ಸಿಗರೇಟು ಸೇದಿದೆ. ಅದು ಮುಗಿಯುವ ಹೊತ್ತಿಗೆ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಒಳಗಿನಿಂದ ಅವನು, "ನಗ್ತಿದೀಯಾ ಅಳ್ತಿದೀಯಾ?" ಎಂದು ಕೇಳಿದ. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಮರುದಿನದಿಂದ ಅಭ್ಯಾಸ ಶುರು ಮಾಡಿದೆವು. ಅವನು ಬಚ್ಚಲಿಗೆ ಹೋಗುವುದು, ನಾನು ಜಗಲಿಯಲ್ಲಿ ನಿಲ್ಲುವುದು. ಅದಾದರೆ ನಡುಮನೆ. ಅದೂ ಆದರೆ ಬಚ್ಚಲಿನ ಬಾಗಿಲು.

"ಎಲ್ಲಿದೀಯಾ?" ಎಂದು ಒಳಗಿನಿಂದ ಕೂಗುತ್ತಿದ್ದ.

"ಫ್ರಿಜ್ ಹತ್ರ."

"ಉಸಿರಾಡ್ಬೇಡ."

"ಸಾಯಲಾ ಹಾಗಾದ್ರೆ?"

"ಸ್ವಲ್ಪ ಹೊತ್ತು."

ಬಚ್ಚಲಿನ ಬಾಗಿಲಿನವರೆಗೆ ಬಂದೆವು. ಬಾಗಿಲು ತೆರೆದು ನಾನು ಬೆನ್ನು ತಿರುಗಿಸಿ ನಿಂತ ದಿನ ಸಣ್ಣ ಸದ್ದು ಕೇಳಿ, ನನ್ನ ತಮ್ಮನ ಮಗು ನಡೆಯಲು ಕಲಿತಾಗಲೂ ಆಗದ ಸಂತೋಷ ನನಗಾಯಿತು. ಮುಖ ತಿರುಗಿಸಿದೆ. ನಿಂತುಹೋಯಿತು.

ಮೂರನೆಯ ಸಲ ಗುಲಾಬಿ ಬಂದಾಗ ನಾನು ಮೊದಲೇ ಹೋಗಿ ಡೆಲ್ಬರ್ಟ್‌ನನ್ನು ಪಕ್ಕಕ್ಕೆ ಕರೆದೆ. ವಿಷಯ ಹೇಳಿದೆ. "ಒಂದು ನಿಮಿಷ ಗೋಡೆ ಕಡೆ ತಿರುಗು ಡೆಲ್ಬರ್ಟ್, ಅಷ್ಟೆ. ಆ ಮನುಷ್ಯ ಬಿಯರ್ ಬಿಟ್ಟು ಬೇರೆ ಮುಟ್ಟಿದವನಲ್ಲ."

ಅವನು ಕೈಗವಸು ಬಿಚ್ಚಿ ಜೇಬಿಗಿಟ್ಟ. "ನನ್ನ ಮಗ ಇಲ್ಲಿಗೇ ಬರ್ತಿದ್ದ. ಆಗ ಇದ್ದೋನು ಒಳ್ಳೆ ಮನುಷ್ಯ, ಹುಡುಗ ನಾಚ್ಕೋತಾನೆ ಅಂತ ಬೇರೆ ಕಡೆ ನೋಡ್ತಿದ್ದ. ನನ್ನ ಮಗ ನಮ್ಮ ಮನೇಲಿ ಬಾಟಲಿ ತುಂಬ್ಕೊಂಡ್ ಬರ್ತಿದ್ದ. ಯಾರದ್ದು ಗೊತ್ತಾ? ನಂದೇ. ಪ್ರತಿ ಸಲ ಪಾಸು. ಪಾಸಾಗ್ತಾನೇ ಹೋಗ್ಬಿಟ್ಟ." ಕೈಗವಸು ಮತ್ತೆ ಹಾಕಿಕೊಳ್ಳುತ್ತಾ, "ನಾನು ತಿರುಗಲ್ಲ ಮಿಸ್ ನೇಡೀನ್. ಯಾರಿಗೂ" ಎಂದ.

ನನ್ನ ಅಕ್ಕನ ಮಗನೂ ಆ ಹುಡುಗನ ಸಮಾಧಿಯಿರುವ ಗುಡ್ಡದ ಮೇಲೇ ಮಲಗಿದ್ದಾನೆ. ಹೋಗಿ ಕುರ್ಚಿಯಲ್ಲಿ ಕುಳಿತೆ. ಅಂದು ವರ್ಲಿನ್ ಒಂದು ಮಾತೂ ಆಡದೆ ಒಳಗೆ ನಿಂತಿದ್ದ. ಹೊರಗೆ ಬರುವಾಗಲೂ ಲೋಟ ಒಣಗಿತ್ತು.

ಸೋಮವಾರ ಕೋರ್ಟು. ವರ್ಲಿನ್‌ಗೆ ಸರ್ಕಾರ ಕೊಟ್ಟ ವಕೀಲೆ ರೆನಾಟಾ, ಕಾಲೇಜು ಮುಗಿಸಿ ನೇರವಾಗಿ ಇಲ್ಲಿಗೆ ಬಂದ ಹುಡುಗಿ. ತೋಳಿನ ತುಂಬ ಫೈಲು, ಕಾಲಿಗೆ ಓಟದ ಶೂ. ಕಾರಣವನ್ನು ಅವಳಿಗೆ ಹೇಳಿದ್ದೆ.

"ಜಡ್ಜ್ ಮುಂದೆ ಇದನ್ನ ಹೇಳಿದ್ರೆ ಮುಗೀತು, ಮಿಸ್ಟರ್ ಸ್ಟಾಂಪರ್. ಬಾಯಿ ಒಳಗೆ ಕಡ್ಡಿ ಸವರಿ ಮಾಡೋ ಪರೀಕ್ಷೆ ಇದೆ, ಅದನ್ನ ಕೇಳ್ಬಹುದು" ಎಂದಳು.

"ಹೇಳ್ಕೂಡ್ದು."

"ಜೈಲಿಗೆ ಹೋಗ್ತೀರಿ."

"ಹೋಗ್ತೀನಿ. ಈ ಊರಲ್ಲಿ ನಾನು ಮುಂದೆನೂ ಹರಾಜು ಕೂಗ್ಬೇಕಮ್ಮ. ಇದು ಗೊತ್ತಾದ್ರೆ ನಾನು ಬಾಯಿ ತೆರೆದಾಗೆಲ್ಲ ಜನ ನನ್ನ ಸೊಂಟದ ಕೆಳಗೆ ನೋಡ್ತಾರೆ."

"ಜೈಲಲ್ಲಿ ಒಂದೇ ಕೋಣೇಲಿ ಆರು ಜನ, ನಡುವೆ ಒಂದೇ ಬಚ್ಚಲು, ಅಡ್ಡ ಗೋಡೆ ಇಲ್ಲ" ಎಂದೆ ನಾನು. "ಎರಡನೇ ದಿನಕ್ಕೆ ಸಿಡಿದುಹೋಗ್ತೀಯ."

ಅವನು ಟೈ ಸರಿಮಾಡಿಕೊಂಡ, ಅಷ್ಟೆ.

ಅವತ್ತು ಕೋರ್ಟು ತುಂಬಿತ್ತು. ಗೇಲಾರ್ಡ್ ಹೊಸ ಹಲ್ಲು ಹಾಕಿಸಿಕೊಂಡು ಮುಂದಿನ ಬೆಂಚಿನಲ್ಲಿ ಕುಳಿತಿದ್ದ, ಬಾಯಿ ಮುಚ್ಚಲು ಬಾರದವನಂತೆ. ಜಡ್ಜ್ ಫೈಲು ನೋಡಿದರು. ಮೂರು ಸಲ ನಿರಾಕರಣೆ. ರೆನಾಟಾ ನನ್ನನ್ನು ನೋಡಿದಳು. ಕಕ್ಷಿದಾರ ಬೇಡವೆಂದಿದ್ದರಿಂದ ಅವಳ ಬಾಯಿ ಕಟ್ಟಿತ್ತು. ಆಗ ಜಡ್ಜ್ ನನ್ನ ಕಡೆ ತಿರುಗಿದರು.

"ಮಿಸ್ ನೇಡೀನ್, ಇವರು ನಿಮ್ಮ ಮನೇಲಿದಾರೆ. ಏನಾದ್ರೂ ತಗೊಳೋದನ್ನ ನೋಡಿದೀರಾ?"

"ಎರಡನೇ ಸಲ ಬಡಿಸಿದ್ದನ್ನ ಬಿಟ್ರೆ ಬೇರೇನೂ ಇಲ್ಲ ಸಾಹೇಬ್ರೇ."

"ಮತ್ತೆ ಯಾಕೆ ಕೊಡ್ತಿಲ್ಲ?"

ವರ್ಲಿನ್ ತಿರುಗಿ ನನ್ನನ್ನು ನೋಡಿ ತಲೆ ಅಲ್ಲಾಡಿಸಿದ. ಆ ಮರ್ಯಾದೆಗಾಗಿ ಅವನು ನನ್ನನ್ನು ಒಮ್ಮೆ ಕಳೆದುಕೊಂಡಿದ್ದ. ಈಗ ಜೈಲಿಗೂ ಹೊರಟಿದ್ದಾನೆ. ನನಗೆ ರೇಗಿತು.

"ಯಾರಾದ್ರೂ ನೋಡ್ತಿದ್ರೆ ಇವನಿಗೆ ಉಚ್ಚೆ ಬರಲ್ಲ" ಎಂದೆ, ಹಿಂದಿನ ಬೆಂಚಿಗೂ ಕೇಳುವ ಹಾಗೆ. "ಗಂಟಲು ಅಷ್ಟು ದೊಡ್ಡದಾಗಿ ತೆರೀತದಲ್ಲ, ಕೆಳಗಡೆ ಅಷ್ಟೇ ಬಿಗಿ. ಚಿಕ್ಕಂದಿನಿಂದ ಹೀಗೇ. ಮದುವೆಯಾಗಿದ್ದ ನನಗೇ ಹೇಳಿರ್ಲಿಲ್ಲ."

ಕೋರ್ಟಿನ ತುಂಬ ನಗು ಎದ್ದಿತು. ಗೇಲಾರ್ಡನ ಹೊಸ ಹಲ್ಲೂ ಬೀಳುವುದರಲ್ಲಿತ್ತು. ವರ್ಲಿನ್ ಕೆಂಪಾಗಿ ನೆಲ ನೋಡುತ್ತಾ ನಿಂತಿದ್ದ. ಜಡ್ಜ್ ಸುತ್ತಿಗೆ ಕುಟ್ಟಿದರು.

"ಡಾಕ್ಟರ ಚೀಟಿ ಇದೆಯಾ?"

ಇರಲಿಲ್ಲ. ಇವನು ಡಾಕ್ಟರ ಹತ್ತಿರವೂ ಹೇಳಿದವನಲ್ಲ.

"ಈ ಕಾರಣವನ್ನ ನಾನು ಈ ವರ್ಷ ಎಷ್ಟು ಜನರ ಬಾಯಿಂದ ಕೇಳಿದೀನಿ ಗೊತ್ತಾ? ಅದರಲ್ಲಿ ಒಬ್ಬನ ಮೂತ್ರಕೋಶ ಮುಚ್ಚಿತ್ತು, ಜೇಬಲ್ಲಿ ಮಾತ್ರೆ ಡಬ್ಬಿ ತೆರೆದಿತ್ತು. ಬಾಯಿ ಪರೀಕ್ಷೆಗೆ ಕೌಂಟಿ ಒಪ್ಪಿಲ್ಲ. ಚೀಟಿ ತರೋ ತನಕ ಜೈಲಲ್ಲಿರಲಿ" ಎಂದರು.

ಲಾನಿ ಎಂಬ ಡೆಪ್ಯುಟಿ, ಹೊಸದಾಗಿ ಸಿಕ್ಕಿದ ಪೊಲೀಸ್ ಕಾರನ್ನು ಸ್ವಂತ ಮಗುವಿನಂತೆ ತೊಳೆಯುವ ಹುಡುಗ, ವರ್ಲಿನ್‌ನನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡು ಹೊರಟ. ನಾನು ಅವರ ಹಿಂದೆಯೇ ನನ್ನ ಕಾರಿನಲ್ಲಿ ಹೋದೆ, ಜವಾಬ್ದಾರಿ ನನ್ನದಲ್ಲವೇ. ಊರು ದಾಟುವ ಮೊದಲೇ ರೈಲು ಗೇಟು ಬಿತ್ತು. ಕಲ್ಲಿದ್ದಲಿನ ರೈಲು. ಅದು ಬಂದರೆ ಇಂಜಿನ್ ಆಫ್ ಮಾಡಿ ಊಟವನ್ನೇ ಮುಗಿಸಬಹುದು. ಬೋಗಿ ಮೇಲೆ ಬೋಗಿ ಹೋಗುತ್ತಲೇ ಇತ್ತು. ವರ್ಲಿನ್‌ನ ತಲೆ ಹಿಂದಿನ ಗಾಜಿನಲ್ಲಿ ಕಾಣುತ್ತಿತ್ತು. ಬೆಳಗ್ಗೆ ಮತ್ತೊಮ್ಮೆ ಲೋಟ ಕೇಳಿದರೆ ಇರಲಿ ಎಂದು ಜಗ್ಗುಗಟ್ಟಲೆ ಚಹಾ ಕುಡಿದಿದ್ದ. ಇದ್ದಕ್ಕಿದ್ದಂತೆ ಅವನ ತಲೆ ಸೀಟಿಗೆ ಒರಗಿತು, ಭುಜಗಳು ಸಡಿಲಾದವು. ಸತ್ತನೇನೋ ಎಂದುಕೊಂಡೆ. ಅಷ್ಟರಲ್ಲಿ ಲಾನಿ ಬಾಗಿಲು ತೆರೆದು ರಸ್ತೆಗೆ ಜಿಗಿದು ನಿಂತ. ಟೋಪಿ ತೆಗೆದು ಕಾರಿನೊಳಗೆ ನೋಡುತ್ತಿದ್ದ, ತನ್ನ ಮಗುವೇ ಹೊಳೆಗೆ ಬಿದ್ದುದನ್ನು ಕಂಡವನ ಹಾಗೆ.

ನಾನು ಇಳಿದು ಹತ್ತಿರ ಹೋದೆ. ವಾಸನೆಯೇ ಎಲ್ಲ ಹೇಳಿತು.

"ಏನಾಯ್ತೋ?" ಎಂದೆ.

ವರ್ಲಿನ್ ಕಣ್ಣು ಮುಚ್ಚಿಕೊಂಡೇ, "ಇಡೀ ಊರಿಗೆ ಹೇಳ್ಬಿಟ್ಯಲ್ಲ ಕಣೇ. ಇನ್ನೇನು ಮುಚ್ಚಿಡೋದು ಅನ್ನಿಸ್ತು. ಹೋಗ್ಬಿಡ್ತು" ಎಂದ. ಅವನ ಮುಖದಲ್ಲಿ ಅದೇ ಹಳೆಯ ನೆಮ್ಮದಿ. ಮೊದಲ ಬಾರಿಗೆ ಅದನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ.

ಒದ್ದೆಯಾದವನನ್ನು ಜೈಲಿನವರು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಮೊದಲು ಬಟ್ಟೆ ಬದಲಾಯಿಸಿ ಕರೆತಾ ಎನ್ನುತ್ತಾರೆ ಎಂದು ಲಾನಿ ಗೊಣಗುತ್ತಾ ಕಾರನ್ನು ಹಿಂದಕ್ಕೆ ತಿರುಗಿಸಿದ. ನಾನು ರೆನಾಟಾಳಿಗೆ ಫೋನ್ ಮಾಡಿದೆ. ನಾವು ತಲುಪುವಷ್ಟರಲ್ಲಿ ಅವಳು ಜಡ್ಜ್‌ರ ಕೋಣೆಗೆ ಹೋಗಿ ಕೇಸನ್ನು ಮತ್ತೆ ಕರೆಸಿದ್ದಳು. ವರ್ಲಿನ್ ಸೊಂಟಕ್ಕೆ ನನ್ನ ಅಂಗಡಿಯ ನಾಯಿ ಒರೆಸುವ ಟವೆಲು ಸುತ್ತಿಕೊಂಡು ನಿಂತ.

ರೆನಾಟಾ ಲಾನಿಯನ್ನು ಕೇಳಿದಳು, "ಡೆಪ್ಯುಟಿ, ಅದು ನಡೆಯುವಾಗ ನೀವು ಎಲ್ಲಿ ನೋಡ್ತಿದ್ರಿ?"

"ಕನ್ನಡೀಲಿ ಇವರನ್ನೇ. ಕೈದೀನ ಕಣ್ಣಳತೇಲಿ ಇಟ್ಕೋಬೇಕು ಅಂತ ನಿಯಮ ಇದೆ."

"ಅಂದ್ರೆ ಕಾನೂನಿನ ಅಧಿಕಾರಿ ಕಣ್ಣೆದುರಿಗೇ ಮಾದರಿ ಕೊಟ್ಟಿದಾರೆ, ಸ್ವಾಮಿ. ನನ್ನ ಕಕ್ಷಿದಾರರು ನಿರಾಕರಿಸಿಲ್ಲ. ಲೋಟ ಹಿಡಿಯದೇ ಇದ್ದದ್ದು ಕೌಂಟಿಯ ತಪ್ಪು. ಬೇಕಿದ್ರೆ ಸೀಟನ್ನ ಪ್ರಯೋಗಾಲಯಕ್ಕೆ ಕಳಿಸಿ."

"ಸೀಟು ಕಿತ್ರೆ ನಾನು ಕೆಲಸ ಬಿಡ್ತೀನಿ" ಎಂದ ಲಾನಿ.

ಜಡ್ಜ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬಹಳ ಹೊತ್ತು ಉಜ್ಜಿದರು. ಮುಖ ತೋರಿಸುವ ಸ್ಥಿತಿಯಲ್ಲಿ ಇರಲಿಲ್ಲವೆಂದು ನನ್ನ ಊಹೆ. ಆಮೇಲೆ ಡೆಲ್ಬರ್ಟ್‌ನನ್ನು ಕರೆಸಿ, ಕೌಂಟಿ ಒಪ್ಪಲಿ ಬಿಡಲಿ, ಇವತ್ತೇ ಇವನ ಬಾಯಿಯಿಂದ ಮಾದರಿ ತೆಗೆಯಬೇಕೆಂದು ಹೇಳಿದರು. ಆಸ್ಪತ್ರೆಯಿಂದ ಕಡ್ಡಿ ತರಿಸಿದರು. ಡೆಲ್ಬರ್ಟ್ ಅದನ್ನು ವರ್ಲಿನ್‌ನ ದವಡೆಯೊಳಗೆ ಸವರುವಾಗ, ಬಚ್ಚಲಿನಲ್ಲಿ ನೋಡುತ್ತಿದ್ದಷ್ಟೇ ಗಮನದಿಂದ ನೋಡುತ್ತಿದ್ದ. ವರ್ಲಿನ್ ಬಾಯಿ ತೆರೆದೇ ಏನೋ ಹೇಳಲು ಹೋದ. "ಇದಕ್ಕಾದ್ರೂ ಸ್ವಲ್ಪ ಸುಮ್ನಿರಪ್ಪ" ಎಂದ ಡೆಲ್ಬರ್ಟ್. ಅವನು ನಕ್ಕಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಫಲಿತಾಂಶ ಬಂತು. ಏನೂ ಇರಲಿಲ್ಲ. ಅದಾದ ಮೇಲೆ ಪ್ರತಿ ಗುಲಾಬಿಗೂ ಕಡ್ಡಿಯೇ. ವಿಷಯ ಹರಡಿದಂತೆ ಇನ್ನೂ ಕೆಲವರು ಗುಟ್ಟಾಗಿ ರೆನಾಟಾಳ ಹತ್ತಿರ ಬಂದರಂತೆ. ಅದರಲ್ಲಿ ಒಬ್ಬ ಕುಸ್ತಿ ಕೋಚು. ಕೌಂಟಿಯವರು ಮುಖ ಸಿಂಡರಿಸಿಕೊಂಡೇ ಕಡ್ಡಿ ತರಿಸಿದರು.

ಕೇಸು ವಿಚಾರಣೆಯವರೆಗೆ ಹೋಗಲಿಲ್ಲ. ಗೇಲಾರ್ಡನ ಮನಸ್ಸು ಕೋರ್ಟಿನಲ್ಲಿ ನಕ್ಕ ದಿನವೇ ಅರ್ಧ ತಣ್ಣಗಾಗಿತ್ತು. ವರ್ಲಿನ್ ಚರ್ಚಿನಲ್ಲಿ ಎಲ್ಲರೆದುರು ಕ್ಷಮೆ ಕೇಳಿದ. ಹರಾಜಿನ ದನಿಯಲ್ಲೇ ಕೇಳಿದ್ದರಿಂದ ಅದು ಬೆದರಿಕೆಯಂತೆ ಕೇಳಿಸಿತು, ಆದರೂ ಗೇಲಾರ್ಡ್ ಒಪ್ಪಿದ. ಈಗ ಹರಾಜಿನಲ್ಲಿ ಯಾರಾದರೂ ಕೆಳಗೆ ನೋಡಿ ನಕ್ಕರೆ ವರ್ಲಿನ್ ಅವರ ಹೆಸರು ಹಿಡಿದು ಕೂಗಿ ಬೆಲೆ ಏರಿಸುತ್ತಾನೆ. ಮೊದಲಿಗಿಂತ ವ್ಯಾಪಾರ ಚೆನ್ನಾಗಿದೆಯಂತೆ. ಆ ಮುಚ್ಚಿದ ಪೆಟ್ರೋಲ್ ಬಂಕಿಗೆ ಮಾತ್ರ ಈಗಲೂ ಹೋಗುತ್ತಾನೆ. ಒಂದು ದಿನದ ಸಡಿಲಕ್ಕೆ ನಲವತ್ತು ವರ್ಷದ ಬಿಗಿ ಬಿಡುತ್ತದೆಯೇ.

ಕೋರ್ಟಿನ ಆದೇಶ ಮುಗಿದ ದಿನ ಅವನು ಗಂಟು ಕಟ್ಟಿಕೊಂಡು ತನ್ನ ಮನೆಗೆ ಹೋದ. ನಾನು ತಡೆಯಲಿಲ್ಲ. ಬಚ್ಚಲಿನ ಬಾಗಿಲ ಹತ್ತಿರ ಉಸಿರು ಕಟ್ಟದೆ ಓಡಾಡಲು ಸಿಕ್ಕಿದ್ದೇ ಒಂದು ಸುಖ. ಹೋಗುವಾಗ ನನ್ನ ಕಬ್ಬಿಣದ ಬಾಣಲೆಯನ್ನೂ ಹೊತ್ತೊಯ್ದಿದ್ದ, ನನ್ನ ಅಜ್ಜಿಯದು. ಭಾನುವಾರ ಜಗಳವಾಡಿ ತರೋಣವೆಂದು ಹೋದೆ. ಅದರಲ್ಲೇ ಬೆಕ್ಕುಮೀನು ಕರಿಯುತ್ತಿದ್ದ. ಕೂತು ತಿಂದೆ. ನಡುವೆ ಅವನು ಎದ್ದು, "ನಾನು ಒಂದಕ್ಕೆ ಹೋಗ್ತೀನಿ, ನೀನು ಸ್ವಲ್ಪ ಹೊರಗಿರು" ಎಂದ. ತಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಹೋಗಿ ಕುಳಿತು ಮಿಕ್ಕ ಮೀನು ತಿಂದೆ. ಬರುವಾಗ ಬಾಣಲೆ ಮರೆತೆ. ಮುಂದಿನ ಭಾನುವಾರ ತರಬೇಕು.